ನಾಲ್ಕು ರೂಪಾಯಿ ನಲವತ್ತು ಪೈಸೆ

ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ನಮ್ಮ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ನಡೆಯಿತಲ್ಲ, ಅದರಲ್ಲಿ ನಾನೂ ಮಾತಾಡಿದ್ದೆ. ವಿಷಯ, ‘ನಮ್ಮ ದೇಶ ಬಾಹ್ಯಾಕಾಶಕ್ಕೆ ಇಷ್ಟು ಖರ್ಚು ಮಾಡಬೇಕೆ?’ ಹೆಸರು ಕೊಟ್ಟವರೆಲ್ಲ ಸೈನ್ಸ್‌ನವರು. ಕಾಮರ್ಸಿನಿಂದ ಹೋದವಳು ನಾನೊಬ್ಬಳೇ. ರಾಕೆಟ್ ವಿಷಯ ಎತ್ತಿದರೆ ಸಾಕು, ‘ಏನಮ್ಮಾ, ನೀನೂ ಕಲಾಂ ಆಗ್ತೀಯಾ?’ ಎಂದು ಕೇಳುವವರು ಎಲ್ಲ ಕಡೆ ಇದ್ದಾರೆ. ಇಲ್ಲ, ನನಗೆ ಫಿಸಿಕ್ಸ್ ಬರುವುದಿಲ್ಲ. ಬರುವುದು ಡೆಬಿಟ್ಟು, ಕ್ರೆಡಿಟ್ಟು. ಹಾಗಾಗಿ ಲೆಕ್ಕವನ್ನೇ ಹಿಡಿದುಕೊಂಡು ವೇದಿಕೆ ಹತ್ತಿದೆ.

ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. 140 ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕು ರೂಪಾಯಿ ನಲವತ್ತು ಪೈಸೆ. ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಈ ದುಡ್ಡಿಗೆ ಅರ್ಧ ಟೀ ಕೂಡ ಸಿಗುವುದಿಲ್ಲ ಎಂದಾಗ ಸಭೆ ನಕ್ಕಿತು. 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ, ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ 13,416 ಕೋಟಿ. ಅಂದರೆ ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದರೆ ಇವರಿಗೆ ಹೋಗುವುದು ಇಪ್ಪತ್ತಾರು ಪೈಸೆ. ಚಪ್ಪಾಳೆ ಬಿತ್ತು.

ವಿರೋಧವಾಗಿ ಮಾತಾಡಿದವಳು ಪಾವಗಡ ಕಡೆಯ ಹುಡುಗಿ. ‘ಚಂದ್ರನಲ್ಲಿ ನೀರಿದೆಯಾ ಅಂತ ಹುಡುಕುತ್ತಾರೆ. ನಮ್ಮೂರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಅದನ್ನು ಯಾರು ನೋಡುತ್ತಾರೆ?’ ಎಂದಳು. ನನ್ನ ಹತ್ತಿರ ಉತ್ತರ ಇತ್ತು. ಇಪ್ಪತ್ತಾರು ಪೈಸೆ ಉಳಿಸಿದರೆ ಅದು ಪಾವಗಡಕ್ಕೇ ಬರುತ್ತದೆ ಎಂದು ಯಾವ ಬಜೆಟ್ಟಿನಲ್ಲೂ ಬರೆದಿಲ್ಲ ಎಂದೆ. ಮಾತಿಗೆ ಮಾತು ಕೊಟ್ಟೆ ಅಷ್ಟೆ, ಅವಳ ನೀರಿಗೆ ಅದು ಉತ್ತರವಲ್ಲ. ನನಗೆ ಎರಡನೇ ಬಹುಮಾನ ಬಂತು.

ಗೊರವನಹಳ್ಳಿಯ ಮನೆಗೆ ಬಂದು ಇಡೀ ಭಾಷಣವನ್ನು ದಾದಿಗೆ ಉರ್ದುವಿನಲ್ಲಿ ಹೇಳಿದೆ. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮಲ್ಲಿ ಅಪ್ಪನ ಅಮ್ಮ.) ದಾದಿ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ಆಮೇಲೆ ಕೇಳಿದರು: ‘ಪೈಸಾ ಕಿತ್ನಾ ಸೋ ಛೋಡ್, ಹಿಸಾಬ್ ಕೋನ್ ದೇಖ್‌ತಾ?’ ದುಡ್ಡು ಎಷ್ಟು ಅನ್ನೋದು ಬಿಡು, ಲೆಕ್ಕ ಯಾರು ನೋಡುತ್ತಾರೆ?

ದಾದಿ ಯಾಕೆ ಹಾಗೆ ಕೇಳಿದರೆಂದು ನಮ್ಮ ಮನೆಯವರಿಗೆಲ್ಲ ಗೊತ್ತು. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಮ್ಮಿ ಒಂದು ಚೀಟಿ ಹಾಕಿದ್ದರು. ಇಪ್ಪತ್ತು ಜನ ಹೆಂಗಸರು, ತಿಂಗಳಿಗೆ ಐನೂರು. ನನ್ನ ಕಾಲೇಜು ಫೀಸಿಗೆಂದು ಅಮ್ಮಿ ಕೊನೆಯಲ್ಲಿ ಎತ್ತಿಕೊಳ್ಳುವುದು ಎಂದು ಮಾತಾಗಿತ್ತು. ಪುಸ್ತಕ ಇಟ್ಟುಕೊಂಡಿದ್ದ ಖಾಲಾ ಬಳಿಯೇ ನಾನು ಅರಬ್ಬಿ ಓದಲು ಕಲಿತದ್ದು. ಹದಿನಾಲ್ಕು ತಿಂಗಳಾದ ಮೇಲೆ ಚೀಟಿ ನಿಂತಿತು. ಪಟ್ಟಿಯಲ್ಲಿದ್ದ ಇಬ್ಬರದು ಹೆಸರು ಮಾತ್ರ, ಮನುಷ್ಯರೇ ಇರಲಿಲ್ಲ. ಆ ಹೆಸರುಗಳಲ್ಲಿ ಖಾಲಾ ಮೊದಲೇ ಹಣ ಎತ್ತಿದ್ದರು, ಆಮೇಲೆ ಕಂತು ಕಟ್ಟಲಾಗಲಿಲ್ಲ. ಅಮ್ಮಿಯ ಏಳು ಸಾವಿರ ಹೋಯಿತು. ಅಬ್ಬಾ ಕೈಸಾಲ ಮಾಡಿ ನನ್ನನ್ನು ಸೇರಿಸಿದರು.

‘ಒಂದು ಸಲವಾದರೂ ಪುಸ್ತಕ ತೋರಿಸಿ ಎಂದು ಕೇಳಬಾರದಿತ್ತಾ?’ ಎಂದು ನಾನು ಅಮ್ಮಿಯನ್ನು ರೇಗಿದ್ದೆ. ‘ಅಂಥವರನ್ನು ಹೇಗೆ ಕೇಳೋದು? ಅವರು ಏನು ತಿಳ್ಕೊಳ್ತಾರೆ?’ ಎಂದಿದ್ದರು ಅಮ್ಮಿ.

ಮರುದಿನ ನಮ್ಮ ಬಿಸಿನೆಸ್ ಸ್ಟಡೀಸ್ ಲೆಕ್ಚರರ್ ಬಳಿ ದಾದಿಯ ಪ್ರಶ್ನೆಯನ್ನೇ ಕೇಳಿದೆ. ಅವರು ‘ಆಂಟ್ರಿಕ್ಸ್-ದೇವಾಸ್ ಓದು’ ಎಂದರು. ಹಳೆಯ ಪತ್ರಿಕೆ ವರದಿಗಳನ್ನು ಹುಡುಕಿ ಓದಿದೆ.

ಆಂಟ್ರಿಕ್ಸ್ ಬೆಂಗಳೂರಿನಲ್ಲಿರುವ ಸರ್ಕಾರಿ ಕಂಪನಿ, ಇಸ್ರೊದ ವ್ಯಾಪಾರ ನೋಡಿಕೊಳ್ಳಲು 1992ರಲ್ಲಿ ಶುರುವಾದದ್ದು. 2005ರ ಜನವರಿ 28ರಂದು ಅದು ದೇವಾಸ್ ಮಲ್ಟಿಮೀಡಿಯಾ ಎಂಬ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ದೇವಾಸ್ ನೋಂದಣಿಯಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಇಸ್ರೊ ಎರಡು ಉಪಗ್ರಹ ಕಟ್ಟಿ ಹಾರಿಸುವುದು, ಅವುಗಳ ಎಸ್-ಬ್ಯಾಂಡ್ ತರಂಗಾಂತರದ ಬಹುಪಾಲನ್ನು 12 ವರ್ಷ ದೇವಾಸ್‌ಗೆ ಬಾಡಿಗೆಗೆ ಕೊಡುವುದು ಎಂದು ಮಾತು. ಉಪಗ್ರಹಕ್ಕೆ ಹಣ ಬೇಕೆಂದು ಕೇಂದ್ರ ಸಂಪುಟದ ಮುಂದೆ ಹೋದಾಗ, ಅದು ಆಗಲೇ ಒಬ್ಬರಿಗೆ ಗೊತ್ತಾಗಿದೆ ಎಂಬ ಮಾತನ್ನೇ ಹೇಳಿರಲಿಲ್ಲ. ಇಲ್ಲಿಗೆ ಬಂದಾಗ ನನಗೆ ನೆನಪಾದದ್ದು ಆ ಎರಡು ಸುಳ್ಳು ಹೆಸರು.

2011ರ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡಿತು. ಮರುವರ್ಷ ಮಹಾಲೇಖಪಾಲರ ವರದಿ ಬಂತು. ದೇವಾಸ್ ಸುಮ್ಮನೆ ಕೂರಲಿಲ್ಲ. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯೊಂದು ಅವರಿಗೆ 56.25 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು. ಆಗಿನ ದರದಲ್ಲಿ ಸುಮಾರು 3,700 ಕೋಟಿ ರೂಪಾಯಿ, ಅಂದರೆ ಆರು ಚಂದ್ರಯಾನ-3. ತಲೆಗೆ ಹಂಚಿ ನೋಡಿ, ಇಪ್ಪತ್ತಾರು ರೂಪಾಯಿ ಬರುತ್ತದೆ. ಆಮೇಲೆ ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ, ದೇವಾಸ್ ಹುಟ್ಟಿದ್ದೇ ವಂಚನೆಗಾಗಿ ಎಂದು ಹೇಳಿ ಆ ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಪಾಠದಲ್ಲಿ ‘ವೈಂಡಿಂಗ್ ಅಪ್’ ಎಂದು ಎರಡು ಸಾಲಿನಲ್ಲಿ ಓದುವುದು ಇದನ್ನೇ. ಹೂಡಿಕೆದಾರರು ವಿದೇಶದ ಕೋರ್ಟುಗಳಲ್ಲಿ ಈಗಲೂ ಬಿಟ್ಟಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೇಸು ಅಲ್ಲಿ ನಡೆಯಬಹುದೇ ಎಂಬ ಪ್ರಶ್ನೆಯಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿದೆ.

ನನ್ನ ಭಾಷಣದಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ. ಪಾವಗಡದ ಹುಡುಗಿಯ ಭಾಷಣದಲ್ಲೂ ಇರಲಿಲ್ಲ. ಕೊಡಬೇಕು, ಕೊಡಬಾರದು ಎಂದು ನಾವಿಬ್ಬರೂ ಕಿರುಚಾಡಿದೆವು, ಪುಸ್ತಕ ತೋರಿಸಿ ಎಂದು ಇಬ್ಬರೂ ಕೇಳಲಿಲ್ಲ. 2023ರಲ್ಲಿ ಲ್ಯಾಂಡರ್ ಇಳಿದ ಸಂಜೆ ಟಿವಿ ಮುಂದೆ ಕೂಗಿ ಕುಣಿದವಳು ನಾನು. ಬೆಂಗಳೂರಿಗೆ ಹೋಗುವಾಗ ಬಸ್ಸು ಪೀಣ್ಯಕ್ಕೆ ಬಂದರೆ, ಲ್ಯಾಂಡರನ್ನು ಇಳಿಸಿದ ಕಂಟ್ರೋಲ್ ರೂಮ್ ಇಲ್ಲೇ ಎಲ್ಲೋ ಇದೆ ಎಂದು ಈಗಲೂ ಕಿಟಕಿಯಲ್ಲಿ ಇಣುಕುತ್ತೇನೆ. ಅಂಥವರನ್ನು ಲೆಕ್ಕ ಕೇಳುವುದು ಹೇಗೆ? ಅಮ್ಮಿಗೆ ಆದದ್ದೇ ನನಗೂ ಆಗಿತ್ತು. ಲೆಕ್ಕ ಕೇಳಿದರೆ ಗೌರವ ಕಡಿಮೆಯಾಯಿತು ಎಂದು ನಾವೇ ಅಂದುಕೊಂಡುಬಿಡುತ್ತೇವೆ. ಮನುಷ್ಯರನ್ನು ಕಳಿಸುವ ಗಗನಯಾನಕ್ಕೆ ಈಗ 20,193 ಕೋಟಿ ಮಂಜೂರಾಗಿದೆ. ಅದು ಬೇಕು ಎಂದೇ ನಾನು ಈಗಲೂ ಹೇಳುತ್ತೇನೆ. ಪುಸ್ತಕವನ್ನೂ ನೋಡಬೇಕು.

ದಾದಿ ಚೀಟಿ ಬಿಡಲಿಲ್ಲ. ‘ಚೀಟಿಯದೇನು ತಪ್ಪು?’ ಎಂದು ಹತ್ತು ಜನರನ್ನು ಸೇರಿಸಿ ಹೊಸದು ಶುರು ಮಾಡಿದ್ದಾರೆ. ಹಣ ಒಬ್ಬರ ಕೈಯಲ್ಲಿ, ಪುಸ್ತಕ ಇನ್ನೊಬ್ಬರ ಕೈಯಲ್ಲಿ. ಬರೆಯುವವಳು ನಾನು. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಹೋದ ತಿಂಗಳು ಓದುವಾಗ ಒಬ್ಬ ಚಾಚಿ, ‘ಐವತ್ತು ರೂಪಾಯಿ ಎಲ್ಲಿ?’ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅಕೌಂಟೆನ್ಸಿಯಲ್ಲಿ ತೊಂಬತ್ತಾರು ತೆಗೆದವಳನ್ನು ಕೇಳುವುದೇ? ದಾದಿ ತಲೆ ಎತ್ತದೆ, ‘ಫಿರ್ ಸೆ ಗಿನ್’ ಎಂದರು. ಮತ್ತೆ ಮೊದಲಿಂದ ಕೂಡಿದೆ. ತಪ್ಪು ನನ್ನದೇ, ಕೂಡುವಾಗ 450 ಅನ್ನು 400 ಎಂದು ಹಿಡಿದಿದ್ದೆ.