ಗಾಳಿ ನಿಂತ ಮೇಲೆ

ಮಲೆನಾಡಿನವರಾದ ನಮಗೆ ಮಳೆಯ ಪರಿಚಯವಿತ್ತು, ಗಾಳಿಯದಿರಲಿಲ್ಲ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ಆ ಕೊರತೆಯೂ ನೀಗಿತು. 2014ರ ಅಕ್ಟೋಬರ್ 12ರಂದು, ಪುಟ್ಟ ಹಕ್ಕಿಯೊಂದರ ಹೆಸರು ಹೊತ್ತ ಹುದ್‌ಹುದ್ ಚಂಡಮಾರುತ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಊರಿಗೆ ನುಗ್ಗಿತು. ಬಾಗಿಲಿಗೆ ಮಂಚ ಒತ್ತಿಟ್ಟು ಕುಳಿತಿದ್ದೆವು. ಮಧ್ಯಾಹ್ನ ಗಾಳಿ ಥಟ್ಟನೆ ನಿಂತಿತು.

“ಮುಗಿಯಿತು” ಎಂದೆ. ನನ್ನಾಕೆ ತಾರಸಿ ನೋಡಿಬರಲು ಮೆಟ್ಟಿಲೇರಿದಳು. ಕೆಳಗಿನಿಂದ ಮನೆಯೊಡತಿ ಅಜ್ಜಿ ಕೂಗಿದರು: “ವೆಳ್ಳೊದ್ದಮ್ಮಾ! ಇಂಕಾ ಸಗಂ ಉಂದಿ!” ಇನ್ನೂ ಅರ್ಧ ಬಾಕಿಯಿದೆಯಂತೆ! ಇವಳು ಇಳಿದು ಬಂದ ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಬೀಸಿ ತಾರಸಿಯ ನೀರಿನ ಟ್ಯಾಂಕನ್ನೇ ಎತ್ತೊಯ್ದಿತು.

ಚಂಡಮಾರುತದ ಕಣ್ಣು ಹಾಯುವಾಗ ಶಾಂತಿ, ದಾಟಿದೊಡನೆ ಗಾಳಿ ತಿರುಗುವುದು. ಬಿ.ಎಸ್‌ಸಿ.ಯಲ್ಲಿ ನಾನು ಬರೆದು ಅಂಕ ಪಡೆದ ಉತ್ತರವಿದು! ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಅದು ಬಾಳಿ ತಿಳಿದದ್ದು.

ಈಗ ನಾವು ವಿಜಯವಾಡದಲ್ಲಿದ್ದೇವೆ. ಬೇಸಿಗೆಯ ಉರಿಗೆ ‘ಬ್ಲೇಜ್‌ವಾಡ’ ಎಂದೇ ಅಡ್ಡಹೆಸರು ಪಡೆದ ಊರು. ಆದರೆ 2024ರ ಸೆಪ್ಟೆಂಬರ್ 1ರಂದು ಬುಡಮೇರು ಉಕ್ಕಿ ಸಿಂಗ್ ನಗರ ಮುಳುಗಿತು. ಹಿಂದಿನ ರಾತ್ರಿಯೇ ನೆರೆಯವರು ಅಕ್ಕಿಮೂಟೆಯನ್ನು ಅಟ್ಟಕ್ಕೇರಿಸುತ್ತಿದ್ದರು. ನಾವೂ ಏರಿಸಿದೆವು. ಏಕೆಂದು ಈ ಸಲ ನಾನು ಕೇಳಲಿಲ್ಲ.