ಬಸ್ಸಿನಲ್ಲಿ ಬಂದ ಬುತ್ತಿ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ಬಿಟ್ಟು ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಬಂದರೆ ಶಿಗ್ಗಾಂವಿ. ಕನಕದಾಸರು ಹುಟ್ಟಿದ ಬಾಡ, ಸಂತ ಶರೀಫರ ಶಿಶುನಾಳ ಎರಡೂ ಈ ತಾಲ್ಲೂಕಿನವೇ. ನಾಡಿನ ನಾನಾ ಕಡೆಯಿಂದ ಜನ ಆ ಊರುಗಳನ್ನು ನೋಡಲು ಬರುತ್ತಾರೆ. ಇದೇ ತಾಲ್ಲೂಕಿನ ಹಿರೇಬೆಂಡಿಗೇರಿಗೆ ಅಂಥ ಪ್ರಸಿದ್ಧಿಯಿಲ್ಲ. ಇಲ್ಲಿಗೆ ಬರಬೇಕೆಂದು ಹಂಬಲಿಸುವವರು ಇಲ್ಲಿಂದ ಹೊರಗೆ ಹೋದವರು.

ಹಾಗೆ ಹೋದವರನ್ನು ಊರಿನಲ್ಲಿ ಏನು ನೆನಪಾಗುತ್ತದೆಂದು ಕೇಳಿದರೆ ಗುಡಿ, ಕೆರೆಗಳಿಗಿಂತ ಮೊದಲು ಬರುವ ಉತ್ತರ ಅವ್ವನ ರೊಟ್ಟಿ. ನಸುಕಿನಲ್ಲಿ ಕೌದಿಯೊಳಗೆ ಮಲಗಿದ್ದಾಗಲೇ ಕಿವಿಗೆ ಬೀಳುತ್ತಿದ್ದ ಪಟಪಟ ಸದ್ದು, ಹಂಚಿನ ಮೇಲೆ ಉಬ್ಬಿದ ಬಿಳಿಜೋಳದ ರೊಟ್ಟಿಯ ಮೇಲಿನ ತೆಳು ಪದರ, ಅದರ ಮೇಲೆ ಕರಗುವ ಬೆಣ್ಣೆ. ನಾಗರ ಪಂಚಮಿ ಹತ್ತಿರ ಬಂತೆಂದರೆ ಸಂಭ್ರಮವೇ ಬೇರೆ. ಹಿಂದಿನ ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಬಗೆಬಗೆಯ ಪಲ್ಯ ಮನೆಯಿಂದ ಮನೆಗೆ ಹೋಗುತ್ತವೆ. ಮರುದಿನ ಶೇಂಗಾ, ಎಳ್ಳು, ಜೋಳದ ಅಳ್ಳಿನ ಉಂಡಿಗಳು. ಜೋಕಾಲಿ ಆಡುವ ಮಕ್ಕಳ ಕಿಸೆ ಖಾಲಿ ಇರುವುದೇ ಇಲ್ಲ.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲೇ ಈ ಊರಿನ ಒಬ್ಬ ಹುಡುಗ ಕಾಲೇಜು ಓದಲು ಧಾರವಾಡಕ್ಕೆ ಹೋದ. ಅವನ ಹಿಂದೆಯೇ ಬುತ್ತಿಯೂ ಹೋಯಿತು. ತಾಯಿ ಬೆಳಗಿನ ನಾಲ್ಕಕ್ಕೆ ಎದ್ದು ಬಡಿದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ ಅರಿವೆಯ ಗಂಟಿನಲ್ಲಿ ಬಸ್ಸೇರುತ್ತಿದ್ದವು. ಧಾರವಾಡದ ಬಸ್ ನಿಲ್ದಾಣದಲ್ಲಿ ಇಂಥ ಗಂಟುಗಳಿಗಾಗಿ ಕಾಯುವ ವಿದ್ಯಾರ್ಥಿಗಳ ಗುಂಪೇ ಇರುತ್ತಿತ್ತು. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಮರಳುತ್ತಿತ್ತು. ಒಮ್ಮೊಮ್ಮೆ ಅದರೊಳಗೆ ಒಂದು ಚೀಟಿ: ಪರೀಕ್ಷೆ ಚಲೋ ಆತು. ಓದಲು ಬಾರದ ತಾಯಿ ಅದನ್ನು ನೆರೆಮನೆಯ ಹುಡುಗಿಯಿಂದ ಎರಡೆರಡು ಸಲ ಓದಿಸಿ ಕೇಳುತ್ತಿದ್ದಳು.

ಹುಡುಗ ರಸಾಯನಶಾಸ್ತ್ರದಲ್ಲಿ ಪದವಿ ಪಡೆದ, ಬೆಂಗಳೂರಿನಲ್ಲಿ ಕೆಲಸ ಹಿಡಿದ. ವರ್ಷಗಳು ಉರುಳಿದವು. ಒಂದು ದೀಪಾವಳಿಗೆ ಊರಿಗೆ ಬಂದಾಗ ನಸುಕಿನಲ್ಲಿ ಆ ಸದ್ದು ಕೇಳಲಿಲ್ಲ. ತಾಯಿಯ ಮುಂಗೈ ಬಾತಿತ್ತು. ಬುಟ್ಟಿಯಲ್ಲಿ ಅಂಗಡಿಯಿಂದ ತಂದ ರೊಟ್ಟಿ ಇತ್ತು.

ಅಂದು ಅವನಿಗೆ ಹೊಳೆದದ್ದು ಇಷ್ಟೇ: ರೊಟ್ಟಿಯ ರುಚಿ ತನಗೆ ಪೂರ್ತಿ ನೆನಪಿದೆ, ಆದರೆ ಅದನ್ನು ಮಾಡುವುದು ಒಂದಿಷ್ಟೂ ಗೊತ್ತಿಲ್ಲ. ಅಡುಗೆಮನೆಗೆ ಬಂದರೆ ಗಂಡುಮಕ್ಕಳಿಗೆ ಅಲ್ಲಿ ಕೆಲಸವೇನೆಂದು ಹಿರಿಯರು ಗದರುತ್ತಿದ್ದ ಕಾಲದಲ್ಲಿ ಬೆಳೆದವನು ಅವನು. ಕೇಳುವ ಮನಸ್ಸೂ ಆಗ ಅವನಿಗಿರಲಿಲ್ಲ.

“ಹಿಟ್ಟೆಷ್ಟು, ನೀರೆಷ್ಟು ಹೇಳವ್ವಾ, ಬರಕೋತೀನಿ” ಎಂದ.

“ಬರದ್ರ ಬರೂದಿಲ್ಲೋ ಯಪ್ಪಾ. ಕೈಗೆ ತಿಳೀತೈತಿ, ಕೂಡು ಇಲ್ಲಿ” ಎಂದಳು ತಾಯಿ.

ಕಾರಣಗಳನ್ನು ಅವನು ಬಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಆದ್ದರಿಂದ ತಣ್ಣೀರಿನಲ್ಲಿ ನಾದಿದ ಜೋಳದ ಹಿಟ್ಟು ಹರಿಯುತ್ತದೆ. ಕುದಿಯುವ ಎಸರು ಸುರಿದಾಗ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಅಂಟೇ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರುವುದು ಮೇಲಿನ ಹಿಟ್ಟು ಒಣಗಿ ಸೀಳದಿರಲೆಂದು. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ತೇವ ಪೂರ್ತಿ ಆರಿಸಿದರೆ ಕಡಕ್ ರೊಟ್ಟಿ. ತೇವವಿಲ್ಲದಲ್ಲಿ ಬೂಷ್ಟು ಬೆಳೆಯದು, ವಾರಗಟ್ಟಲೆ ಕೆಡದು. ಇಷ್ಟೆಲ್ಲ ತಿಳಿದವನ ಮೊದಲ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ತುಂಡಾಯಿತು. ಕಾಲೇಜು ಕಾಣದ ಕೈ ದಿನಕ್ಕೆ ಮೂವತ್ತು ರೊಟ್ಟಿ ಬಡಿದು ಅವನನ್ನು ಓದಿಸಿತ್ತು.

ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಯ ಜಗಳ ಕಟ್ಟಿದರು. ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಬಡವರ ಧಾನ್ಯವೇ ಕಸುವು ಕಳೆದುಕೊಳ್ಳದೆ ಉಳಿಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳ, ಸಜ್ಜೆ, ರಾಗಿಗಳಿಗೆ ಪೇಟೆಯಲ್ಲಿಯೂ ಮರ್ಯಾದೆ ಹೆಚ್ಚಿದೆ. ಆದರೆ ಧಾನ್ಯ ಉಳಿದರೆ ಸಾಲದು, ಅದನ್ನು ಬಡಿಯುವ ಕೈಯೂ ಉಳಿಯಬೇಕು. ಆ ಕೈ ತಾಯಿಯದೇ ಆಗಿರಬೇಕೆಂಬ ನಿಯಮವಂತೂ ಇಲ್ಲ.

ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಅವನ ರೊಟ್ಟಿ ಒಡೆಯದೆ ಹಂಚು ಮುಟ್ಟಿತು. ದುಂಡಗಿರಲಿಲ್ಲ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಸೊಸೆಗೆ ನೀಡಿದ ಮೇಲೆ ತಾಯಿ ಬುಟ್ಟಿಯಿಂದ ಅದನ್ನೇ ಹುಡುಕಿ ತನ್ನ ತಾಟಿಗೆ ಹಾಕಿಕೊಂಡಳು. ಮರುದಿನ ಹೊರಡುವಾಗ ಮೊಮ್ಮಗಳು ತನಗೂ ಕಲಿಸೆಂದು ಅಪ್ಪನನ್ನು ಕೇಳುತ್ತಿದ್ದಳು.