ಬಾಳೆನಾರು ಮತ್ತು ಪೆನ್ಸಿಲ್ಲಿನ ನೂಲು

ಕಾಪು ಸಮೀಪದ ಶಂಕರಪುರದ ಕಡೆಯವರಿಗೆ ಬಾಳೆನಾರಿನ ಪರಿಚಯ ಹೇಳಬೇಕಾಗಿಲ್ಲ. ನಮ್ಮ ತಾಯಿ ಮಲ್ಲಿಗೆ ಕಟ್ಟುವ ಮೊದಲು ಒಣಗಿದ ಬಾಳೆಯ ಪಟ್ಟೆಯನ್ನು ಸಪೂರವಾಗಿ ಸೀಳಿ ನೀರಿನಲ್ಲಿ ನೆನೆಸಿಡುತ್ತಿದ್ದರು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟನ್ನೂ ಹಿಡಿದಿಡುವ ನಾರು ಮೂಲತಃ ಪದರ ಪದರವಾದ ಪಟ್ಟೆಯೆಂಬುದನ್ನು ಬಾಲ್ಯದಿಂದಲೇ ಕಂಡವನು ನಾನು. ಕಂಡೂ ತಿಳಿಯದವನು.

1983ರ ಸುಮಾರಿಗೆ ಕಾರ್ಕಳ ತಾಲೂಕಿನ ಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಪೆನ್ಸಿಲ್ಲಿನ ‘ಸೀಸ’ ಸೀಸವಲ್ಲ, ಗ್ರಾಫೈಟ್. ಅದರ ಪದರಗಳು ಸಡಿಲವಾಗಿ ಕುಳಿತಿರುವುದರಿಂದ ಜಾರಿ ಕಾಗದಕ್ಕೆ ಅಂಟುತ್ತವೆ ಎಂದು ವಿವರಿಸಿದೆ. ನೇಕಾರರ ಮನೆಯ ಹುಡುಗನೊಬ್ಬ ಎದ್ದು, “ಪದರವಿದ್ದರೆ ಬಿಡಿಸಿ ನೂಲು ಮಾಡಬಹುದಲ್ಲವೇ ಸರ್?” ಎಂದ. “ಹಾಗಾದರೆ ನಿನ್ನ ಅಪ್ಪನ ಮಗ್ಗಕ್ಕೆ ಪೆನ್ಸಿಲ್ಲನ್ನೇ ಹೂಡು” ಎಂದುಬಿಟ್ಟೆ. ತರಗತಿ ಘೊಳ್ಳೆಂದು ನಕ್ಕಿತು. ಆತ ಮತ್ತೆಂದೂ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಮಣಿಪಾಲದಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ಸಂಜೆ ಎಂಡ್ ಪಾಯಿಂಟಿನಲ್ಲಿ, ಕೆಳಗೆ ಸ್ವರ್ಣೆ ಹರಿಯುತ್ತಿದ್ದಂತೆ, ಗ್ರಾಫೀನಿನ ಕಥೆ ಹೇಳಿದಳು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಬರಿಯ ಅಂಟುಪಟ್ಟಿಯಿಂದ ಗ್ರಾಫೈಟಿನ ಒಂದೇ ಪದರವನ್ನು ಬಿಡಿಸಿದ್ದರು. ದಪ್ಪ ಒಂದೇ ಪರಮಾಣುವಿನಷ್ಟು. 2010ರಲ್ಲಿ ಅವರಿಗೆ ನೊಬೆಲ್ ಬಂದಿತು. ಇಷ್ಟು ನನಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. 2011ರಲ್ಲಿ ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ಷು ಮತ್ತು ಗಾವ್ ಎಂಬವರು ಅದನ್ನು ನೂಲನ್ನಾಗಿಸಿದ್ದರು. ಗ್ರಾಫೈಟನ್ನು ಆಮ್ಲಜನಕ ಸೇರುವಂತೆ ಸಂಸ್ಕರಿಸಿದರೆ ಪದರಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡುತ್ತವಂತೆ. ದ್ರವ ಸಾಕಷ್ಟು ಸಾಂದ್ರವಾದಾಗ, ಪ್ರಾರ್ಥನೆಗೆ ನಿಂತ ಮಕ್ಕಳಂತೆ, ಹಾಳೆಗಳು ತಾವಾಗಿಯೇ ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಆ ದ್ರವವನ್ನು ಸಪೂರ ಸೂಜಿಯ ಮೂಲಕ, ಅದನ್ನು ಗಟ್ಟಿಗೊಳಿಸುವ ಇನ್ನೊಂದು ದ್ರಾವಣದೊಳಗೆ ಒತ್ತಿದರೆ ಎಳೆ ಹೊರಡುತ್ತದೆ. ಎಳೆ ಒಣಗುವಾಗ ಹಾಳೆಗಳು ಸುಕ್ಕುಗಟ್ಟಿ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಕೊನೆಗೆ ಆಮ್ಲಜನಕವನ್ನು ತೆಗೆದರೆ ಆ ಎಳೆಯಲ್ಲಿ ವಿದ್ಯುತ್ತೂ ಹರಿಯುತ್ತದೆ.

ನಾನು ಸುಮ್ಮನಾದೆ. “ಏನಾಯಿತು ಅಜ್ಜ?” ಎಂದಳು. ಹೇಳಲಿಲ್ಲ.

ಮರುವಾರ ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿದೆ. ವಿಚಾರಿಸುತ್ತಾ ಹೋಗಿ ಮನೆ ಹುಡುಕಿದೆ. ಹುಡುಗನಿಗೆ ಐವತ್ತು ದಾಟಿತ್ತು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯುವ ಎಷ್ಟೋ ಮೊದಲೇ ಆ ಮನೆಯ ಮಗ್ಗ ಅಟ್ಟ ಸೇರಿತ್ತು. ನನ್ನನ್ನು ಕುಳ್ಳಿರಿಸಿ ಬೆಲ್ಲ, ನೀರು ಕೊಟ್ಟರು. ನಾನು ಬಂದ ಕಾರಣ ಹೇಳಿದೆ. ನೂಲಿನ ವಿಷಯವನ್ನೂ ವಿವರಿಸಿದೆ, ತಪ್ಪಾಯಿತೆಂದೂ ಹೇಳಿದೆ. ಆ ಪ್ರಶ್ನೆ ಅವರಿಗೆ ಮರೆತೇ ಹೋಗಿತ್ತು. ತರಗತಿ ನಕ್ಕದ್ದು ಮಾತ್ರ ನೆನಪಿತ್ತು.

ಸ್ವಲ್ಪ ಹೊತ್ತು ಬೆರಳುಗಳನ್ನು ತಿಕ್ಕುತ್ತಾ ಕುಳಿತು, “ತುಂಡಾದರೆ ಗಂಟು ಹಾಕಲು ಬರುತ್ತದೆಯೇ ಸರ್?” ಎಂದು ಕೇಳಿದರು.

ಬರುತ್ತದೆ. ಗಂಟು ಹಾಕಿಯೇ ತೋರಿಸಿದ್ದಾರೆ ಎಂದೆ.